ಕೊಳ್ಳೇಗಾಲ, ಹನೂರು, ಯಳಂದೂರು: ನಿವೇಶನ ಅಭಿವೃದ್ಧಿಯಲ್ಲಿ ಮಳೆನೀರಿನ ನಿರ್ವಹಣೆ ಮತ್ತು ಕೆರೆ–ಜೌಗುಗಳ ರಕ್ಷಣೆ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ಹೊಲ ಗದ್ದೆಗಳು ಬಡಾವಣೆ, ರಸ್ತೆ, ವಸತಿಗೃಹ, ಕಲ್ಯಾಣಮಂಟಪಗಳಾಗಿ ಮಾರ್ಪಡುತ್ತಿವೆ. ಹೀಗೆ ನೆಲದ ಬಳಕೆ ಬದಲಾದಾಗ ಅದರ ಮೇಲೆ ಬಿದ್ದ ಮಳೆ ಎಲ್ಲಿ ಇಂಗಬೇಕು, ಎಲ್ಲಿ ನಿಲ್ಲಬೇಕು, ಯಾವ ದಾರಿಯಲ್ಲಿ ಹರಿಯಬೇಕು ಎಂಬುದನ್ನು ಮೊದಲೇ ಗೊತ್ತುಮಾಡುವುದು ಮಳೆನೀರಿನ ನಿರ್ವಹಣೆ. ಆ ದಾರಿಯಲ್ಲಿರುವ ಕೆರೆ, ಕಟ್ಟೆ, ಹಳ್ಳ, ಜೌಗುಗಳಿಗೆ ಮಣ್ಣು, ಕಟ್ಟಡದ ಅವಶೇಷ ಮತ್ತು ಕೊಳಚೆ ಸೇರದಂತೆ ನೋಡಿಕೊಳ್ಳುವುದು ಇದರ ಇನ್ನೊಂದು ಮುಖ. ಈ ಸೀಮೆಯಲ್ಲಿ ಎರಡನ್ನೂ ಬಿಡಿಸಿ ನೋಡಲಾಗದು. ಇಲ್ಲಿನ ಕೆರೆಗಳು ಒಂದರಿಂದೊಂದಕ್ಕೆ ಕಾಲುವೆಗಳಿಂದ ಜೋಡಣೆಯಾಗಿರುವುದರಿಂದ ಕೆರೆಯಂಗಳದಿಂದ ದೂರವಿರುವ ನಿವೇಶನವೂ ಕೆರೆಯ ಅಳಿವು ಉಳಿವನ್ನು ನಿರ್ಧರಿಸಬಲ್ಲದು.

ಪ್ರದೇಶದ ಹಿನ್ನೆಲೆ

ಕೊಳ್ಳೇಗಾಲ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ವರ್ಷ ಮೈಸೂರು ರಾಜ್ಯಕ್ಕೆ ಬಂದು, 1997ರಲ್ಲಿ ಹೊಸದಾಗಿ ರಚನೆಯಾದ ಚಾಮರಾಜನಗರ ಜಿಲ್ಲೆಯ ಭಾಗವಾಯಿತು. ಕೊಳ್ಳೇಗಾಲ ತಾಲ್ಲೂಕಿನಿಂದ ಬೇರ್ಪಟ್ಟ ಹನೂರು 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಹದಿನಾಡಿನ ಪಾಳೆಯಗಾರರ ನೆಲೆಯಾಗಿದ್ದ ಯಳಂದೂರನ್ನು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲಾಯಿತು. ಇಂದು ಕೊಳ್ಳೇಗಾಲದಲ್ಲಿ ನಗರಸಭೆ, ಹನೂರು ಮತ್ತು ಯಳಂದೂರುಗಳಲ್ಲಿ ಪಟ್ಟಣ ಪಂಚಾಯಿತಿಗಳಿವೆ.

ಮೂರೂ ತಾಲ್ಲೂಕುಗಳ ನೀರು ಕೊನೆಗೆ ಸೇರುವುದು ಕಾವೇರಿಗೆ. ಯಳಂದೂರಿನ ಪಕ್ಕದಲ್ಲಿ ಹರಿಯುವ ಸುವರ್ಣಾವತಿ ಹೊಳೆ (ಜನರ ಬಾಯಲ್ಲಿ ಹೊನ್ನುಹೊಳೆ) ಕೊಳ್ಳೇಗಾಲ ತಾಲ್ಲೂಕಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಬಿಳಿಗಿರಿರಂಗನ ಬೆಟ್ಟದ ಪೂರ್ವ ಇಳಿಜಾರಿನ ಹಳ್ಳಗಳು ಗುಂಡಾಲ್ ಜಲಾಶಯಕ್ಕೂ ಕೆಳಗಿನ ಕೆರೆಗಳಿಗೂ ನೀರು ತರುತ್ತವೆ. ಹನೂರು ಭಾಗದ ನೀರು ಉಡುತೊರೆಹಳ್ಳ ಮತ್ತಿತರ ಹಳ್ಳಗಳ ಮೂಲಕ ಕಾವೇರಿಯತ್ತ ಇಳಿಯುತ್ತದೆ. ಕಾಡು ಈ ಜಲಾನಯನದ ಬಹುಭಾಗವನ್ನು ಆವರಿಸಿದೆ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಬಿಳಿಗಿರಿರಂಗನಾಥಸ್ವಾಮಿ ದೇವಾಲಯ ಅರಣ್ಯ, 2013ರಲ್ಲಿ ವನ್ಯಧಾಮವಾದ ಮಲೆ ಮಹದೇಶ್ವರ ಬೆಟ್ಟ ಹಾಗೂ ಕಾವೇರಿ ವನ್ಯಧಾಮ ಒಂದಕ್ಕೊಂದು ಹೊಂದಿಕೊಂಡಿವೆ. ಬೆಟ್ಟ ಮತ್ತು ಹೊಳೆಯ ನಡುವಿನ ಕಿರಿದಾದ ಬಯಲಿನಲ್ಲೇ ಊರು, ಗದ್ದೆ, ಹೆದ್ದಾರಿ, ಹೊಸ ಬಡಾವಣೆಗಳೆಲ್ಲ ಇವೆ.

ಮಳೆಯ ಕ್ರಮ ಮತ್ತು ಮಣ್ಣು

ಪಶ್ಚಿಮಘಟ್ಟದ ಮಳೆ ನೆರಳಿನಲ್ಲಿರುವ ಈ ಬಯಲಿಗೆ ಮಲೆನಾಡಿನ ಜಡಿಮಳೆ ಇಲ್ಲ. ಮಳೆಗೆ ಇಲ್ಲಿ ಎರಡು ಉಬ್ಬರ. ಮೊದಲನೆಯದು ಭರಣಿ, ಕೃತ್ತಿಕೆ ಮಳೆಗಳ ಕಾಲ, ಅಂದರೆ ಏಪ್ರಿಲ್ ಕೊನೆಯಿಂದ ಮೇ ತಿಂಗಳು. ಎರಡನೆಯದು ಉತ್ತರೆಯಿಂದ ಸ್ವಾತಿಯವರೆಗೆ, ಸೆಪ್ಟೆಂಬರ್ ಮತ್ತು ಅಕ್ಟೋಬರ್. ನಡುವಿನ ಜೂನ್, ಜುಲೈನಲ್ಲಿ ಮೋಡ ಹೆಚ್ಚು, ಮಳೆ ಕಡಿಮೆ. ಬರುವ ಮಳೆಯಲ್ಲಿ ಬಹುಪಾಲು ಸಂಜೆಯ ಗುಡುಗು ಮಳೆಯಾದ್ದರಿಂದ ಒಂದೆರಡು ಗಂಟೆಯಲ್ಲೇ ರಭಸದಿಂದ ಸುರಿದು ನಿಲ್ಲುತ್ತದೆ. ವರ್ಷದ ಒಟ್ಟು ಮಳೆಯನ್ನು ನೋಡಿ ಇದನ್ನು ಒಣ ಸೀಮೆ ಎನ್ನಬಹುದು. ಚರಂಡಿ, ಮೋರಿಗಳ ಅಳತೆಯನ್ನು ಮಾತ್ರ ಆ ಒಂದೆರಡು ಗಂಟೆಯ ರಭಸಕ್ಕೆ ತಕ್ಕಂತೆ ಇಡಬೇಕು.

ನೆಲದಡಿ ಗಟ್ಟಿ ಶಿಲೆಯಿದೆ. ಮೇಲೆ ಕೆಂಪು ಮರಳುಮಿಶ್ರಿತ ಮಣ್ಣು, ಹನೂರು ಕಡೆ ಗರಸು, ತಗ್ಗಿನ ಗದ್ದೆಬಯಲುಗಳಲ್ಲಿ ಅಂಟುಮಣ್ಣು. ಹುಲ್ಲು ಅಥವಾ ಬೆಳೆಯ ಹೊದಿಕೆ ಇದ್ದಾಗ ಕೆಂಪುಮಣ್ಣು ನೀರನ್ನು ಚೆನ್ನಾಗಿ ಹೀರುತ್ತದೆ. ಹೊದಿಕೆ ಕೆರೆದು ಬರಿದಾಗಿಸಿದರೆ ಮೊದಲ ಜೋರು ಹನಿಗೇ ಮೇಲ್ಪದರ ಮುಚ್ಚಿಕೊಂಡು ಮಣ್ಣೇ ನೀರಿನೊಂದಿಗೆ ಹೊರಡುತ್ತದೆ. ಬೇಸಿಗೆಯಲ್ಲಿ ಜೆಸಿಬಿ ಸಮ ಮಾಡಿಟ್ಟ ಲೇಔಟಿನ ನೆಲ ಭರಣಿ ಮಳೆಗೆ ಸಿಕ್ಕುವುದು ಇಂಥ ಬೆತ್ತಲೆ ಸ್ಥಿತಿಯಲ್ಲೇ. ಆ ಮಳೆ ನಿಂತ ಮೇಲೆ ಕೆಳಗಿನ ಹಳ್ಳದ ನೀರು ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ.

ಕೆರೆ ಸರಣಿ ಮತ್ತು ಜೌಗು ನೆಲೆಗಳು

ಈ ತಾಲ್ಲೂಕುಗಳ ಜೌಗು ನೆಲೆಗಳಲ್ಲಿ ಹೆಚ್ಚಿನವು ಮನುಷ್ಯರು ಕಟ್ಟಿದ ಕೆರೆಗಳು. ಕೊಳ್ಳೇಗಾಲ ಪಟ್ಟಣದ ಅಂಚಿನ ದೊಡ್ಡರಂಗನಾಥನ ಕೆರೆ, ಚಿಕ್ಕರಂಗನಾಥನ ಕೆರೆ, ಯಳಂದೂರು ತಾಲ್ಲೂಕಿನಲ್ಲಿ ಬಿಳಿಗಿರಿಯ ಬುಡದ ಕೃಷ್ಣಯ್ಯನಕಟ್ಟೆ, ಹನೂರು ಭಾಗದ ಹುಬ್ಬೆಹುಣಸೆ, ರಾಮನಗುಡ್ಡ ಕೆರೆಗಳು ಇದಕ್ಕೆ ಉದಾಹರಣೆ. ಯಳಂದೂರು, ಕೊಳ್ಳೇಗಾಲದ ಹಲವು ಕೆರೆಗಳಿಗೆ ಮಳೆನೀರಿನ ಜೊತೆಗೆ ಕಬಿನಿ ನಾಲೆಯ ನೀರೂ ಒದಗುತ್ತದೆ. ನಾಲೆಯಿಲ್ಲದ ಹನೂರು ಭಾಗದಲ್ಲಿ ಗುಂಡಾಲ್, ಹುಬ್ಬೆಹುಣಸೆ, ರಾಮನಗುಡ್ಡಗಳಿಗೆ ಕಾವೇರಿಯಿಂದ ನೀರೆತ್ತಿ ತುಂಬಿಸುವ ಯೋಜನೆ ದೀರ್ಘಕಾಲದ ಬೇಡಿಕೆಯ ಫಲ. ಅಷ್ಟು ಖರ್ಚು ಮಾಡಿ ನೀರು ತರಬೇಕಾದ ಊರಿನಲ್ಲಿ, ತಾನಾಗಿ ಬರುವ ಮಳೆನೀರಿನ ಕಾಲುವೆಯನ್ನು ಮುಚ್ಚುವುದು ದೊಡ್ಡ ನಷ್ಟ.

ಕೆರೆಯ ರಚನೆಯನ್ನು ತಿಳಿದರೆ ನಿವೇಶನದ ಕೆಲಸ ಅದನ್ನು ಎಲ್ಲೆಲ್ಲಿ ತಟ್ಟುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಮೇಲಿನ ಜಲಾನಯನದಿಂದ ಪೋಷಕ ಕಾಲುವೆಗಳು ನೀರು ತರುತ್ತವೆ. ಅವು ಕೆರೆಯನ್ನು ಕೂಡುವ ಹಿನ್ನೀರಿನ ಭಾಗ ಆಳವಿಲ್ಲದ ಇಳಿಜಾರು. ಅಲ್ಲಿ ಜೊಂಡು, ಆಪು, ನೀರುಹುಲ್ಲು ಬೆಳೆದು ಹರಿವನ್ನು ನಿಧಾನಗೊಳಿಸುತ್ತವೆ. ಹೂಳು ಮೊದಲು ಕೂರುವುದು ಇಲ್ಲೇ, ಕೊಕ್ಕರೆ, ಬೆಳ್ಳಕ್ಕಿ, ನೀರುಕೋಳಿಗಳು ಮೇಯುವುದೂ ಇಲ್ಲೇ. ಏರಿಯ ಬಳಿ ಆಳವಾದ ನೀರು, ಅದನ್ನು ಗದ್ದೆಗೆ ಬಿಡಲು ತೂಬು, ಹೆಚ್ಚಾದ ನೀರು ಹೊರಹೋಗಲು ಕೋಡಿ. ಕೋಡಿ ಬಿದ್ದ ನೀರು ಕೆಳಗಿನ ಕೆರೆಯ ಪೋಷಕ ಕಾಲುವೆಯಾಗುತ್ತದೆ. ತೂಬಿನ ಕೆಳಗಿನ ಅಚ್ಚುಕಟ್ಟಿನಲ್ಲಿ ಬಸಿನೀರಿನಿಂದ ವರ್ಷದ ಬಹುಕಾಲ ತೇವ ಆರದ ಜೌಗು ಇರುತ್ತದೆ.

ಈ ವ್ಯವಸ್ಥೆಯಲ್ಲಿ ಅತಿ ಬೇಗ ಕಣ್ಮರೆಯಾಗುವುದು ಹಿನ್ನೀರಿನ ಅಂಚು. ಬರಗಾಲದ ವರ್ಷಗಳಲ್ಲಿ ಅಲ್ಲಿ ನೀರು ಇರುವುದಿಲ್ಲವಾದ್ದರಿಂದ ಅದು ಖಾಲಿ ಜಾಗದಂತೆ ಕಾಣುತ್ತದೆ. ಮಣ್ಣು ಸುರಿಯುವುದು, ತಂತಿಬೇಲಿ ಹಾಕುವುದು ಮೊದಲಾಗುವುದು ಇಲ್ಲಿಂದಲೇ. ಕೆರೆ ಮತ್ತೆ ತುಂಬಿದ ವರ್ಷ ನೀರು ತನ್ನ ಹಳೆಯ ಮಟ್ಟಕ್ಕೆ ಬಂದು ಅಲ್ಲಿ ಕಟ್ಟಿದ ಮನೆಗಳ ಬಾಗಿಲಿಗೆ ನಿಲ್ಲುತ್ತದೆ.

ಭತ್ತದ ಗದ್ದೆಗಳೂ ಮಳೆನೀರಿನ ದೊಡ್ಡ ಉಗ್ರಾಣ. ಬದುವಿನೊಳಗೆ 10 ಸೆಂ.ಮೀ. ನೀರು ನಿಲ್ಲಬಲ್ಲ ಒಂದು ಎಕರೆ ಗದ್ದೆ ಸುಮಾರು 4 ಲಕ್ಷ ಲೀಟರ್ ಹಿಡಿದಿಡುತ್ತದೆ. ಅದೇ ಗದ್ದೆಗೆ ಗರಸು ತುಂಬಿ ರಸ್ತೆಯ ಮಟ್ಟಕ್ಕೆ ಏರಿಸಿದಾಗ ಆ ಸಾಮರ್ಥ್ಯ ಇಲ್ಲವಾಗಿ, ನೀರು ಪಕ್ಕದ ಗದ್ದೆಗೋ ಹಳೆಯ ಬೀದಿಯ ಮನೆಗೋ ನುಗ್ಗುತ್ತದೆ.

ನಿವೇಶನ ಅಭಿವೃದ್ಧಿಯ ಪರಿಣಾಮಗಳು

ಒಂದು ಎಕರೆ ನೆಲದ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು 2 ಲಕ್ಷ ಲೀಟರ್ ನೀರು. ಬೆಳೆಯಿರುವ ಹೊಲದಿಂದ ಅದರ ಐದನೇ ಒಂದು ಪಾಲು ಹರಿದುಹೋಗುತ್ತದೆ ಎಂದಿಟ್ಟುಕೊಂಡರೆ ಕಾಲುವೆಗೆ ಬರುವುದು 40 ಸಾವಿರ ಲೀಟರ್. ಅದೇ ಎಕರೆ ತಾರಸಿ, ಕಾಂಕ್ರೀಟು, ಡಾಂಬರುಗಳಿಂದ ಮುಚ್ಚಿಹೋಗಿ ಶೇ. 80ರಷ್ಟು ಹರಿದರೆ 1 ಲಕ್ಷ 60 ಸಾವಿರ ಲೀಟರ್ ಆಗುತ್ತದೆ. ನೀರಿನ ಪ್ರಮಾಣ ನಾಲ್ಕು ಪಟ್ಟಾಗುವುದರ ಜೊತೆಗೆ ನಯವಾದ ಮೇಲ್ಮೈ ಮತ್ತು ನೇರ ಚರಂಡಿಗಳಿಂದಾಗಿ ಅದು ಬೇಗ ಬಂದು ಸೇರುತ್ತದೆ. ಹೊಲಗಳ ಹರಿವಿಗೆ ತಕ್ಕಂತೆ ಹಿಂದೆ ತೋಡಿದ ಕಾಲುವೆಗೆ ಇದನ್ನು ಹೊರುವ ಶಕ್ತಿ ಇಲ್ಲ.

ಎರಡನೆಯ ಪರಿಣಾಮ ಹೂಳು. ಕಟ್ಟಡ ಕೆಲಸದ ಹಂತದಲ್ಲೇ ಇದರ ಪ್ರಮಾಣ ಅತಿ ಹೆಚ್ಚು. ಹೊಲಗಳಿಂದ ಬಂದ ಕೆರೆಗೋಡನ್ನು ರೈತರು ಬೇಸಿಗೆಯಲ್ಲಿ ತೆಗೆದು ಹೊಲಕ್ಕೆ ಹೊಡೆಯುವುದು ಹಳೆಯ ರೂಢಿ. ಕಟ್ಟಡದ ನೆಲದಿಂದ ಬರುವ ಹೂಳಿನಲ್ಲಿ ಗರಸು, ಎಂ-ಸ್ಯಾಂಡ್, ಸಿಮೆಂಟಿನ ಚೂರು, ಪ್ಲಾಸ್ಟಿಕ್ ಬೆರೆತಿರುವುದರಿಂದ ಅದು ಹೊಲಕ್ಕೆ ಬೇಡದ ಮಣ್ಣು. ಹೀಗಾಗಿ ಕೆರೆ ತುಂಬುತ್ತ ಹೋದರೂ ಹೂಳೆತ್ತಿ ಒಯ್ಯುವವರು ಸಿಗುವುದಿಲ್ಲ.

ಮೂರನೆಯದು ಕೊಳಚೆ. ಸಣ್ಣ ಪಟ್ಟಣಗಳ ತೆರೆದ ಚರಂಡಿ ಮಳೆನೀರು, ಬಚ್ಚಲ ನೀರು ಎರಡನ್ನೂ ಒಯ್ಯುತ್ತದೆ. ಬಡಾವಣೆಗೆ ಒಳಚರಂಡಿ ಬರುವ ಮೊದಲೇ ಮನೆಗಳು ಎದ್ದರೆ ಈ ನೀರು ನೇರವಾಗಿ ಕೆರೆ ಸೇರುತ್ತದೆ. ಪೋಷಕಾಂಶ ಹೆಚ್ಚಾದ ನೀರಿನಲ್ಲಿ ಅಂತರಗಂಗೆ ಹಬ್ಬಿ ಬೆಳಕನ್ನು ತಡೆಯುತ್ತದೆ, ನೀರಿನಲ್ಲಿ ಕರಗಿದ ಆಮ್ಲಜನಕ ಇಳಿದು ಮೀನು ಸಾಯುತ್ತವೆ.

ನಾಲ್ಕನೆಯದು ಅಡ್ಡಗಟ್ಟು. ಬೆಂಗಳೂರು–ಕೊಯಮತ್ತೂರು ರಾಷ್ಟ್ರೀಯ ಹೆದ್ದಾರಿ 948 ಕೊಳ್ಳೇಗಾಲ, ಯಳಂದೂರುಗಳ ಮೂಲಕ ಹಾದುಹೋಗುತ್ತದೆ. ಎತ್ತರಿಸಿದ ಯಾವುದೇ ರಸ್ತೆ ನೀರಿನ ಸಹಜ ಇಳಿಜಾರಿಗೆ ಅಡ್ಡಬಂದಾಗ ಏರಿಯಂತೆ ವರ್ತಿಸುತ್ತದೆ. ಅದರಡಿ ಮೋರಿಗಳು ಸಾಕಷ್ಟಿದ್ದು, ಹಳೆಯ ಹಳ್ಳ ಇರುವಲ್ಲೇ ಇದ್ದರೆ ತೊಂದರೆಯಿಲ್ಲ. ರಸ್ತೆಬದಿಯ ನಿವೇಶನದವರು ತಮ್ಮ ಮುಂದಿನ ಮೋರಿಯ ಬಾಯಿಗೆ ಮಣ್ಣು ತುಂಬಿ ದಾರಿ ಮಾಡಿಕೊಂಡರೆ ಮೇಲಿನ ಹತ್ತಾರು ಎಕರೆಯ ನೀರು ನಿಂತುಬಿಡುತ್ತದೆ.

ಪ್ರವಾಹದ ಅನುಭವ

2018 ಮತ್ತು 2019ರ ಆಗಸ್ಟ್‌ಗಳಲ್ಲಿ ಕಬಿನಿ, ಕೃಷ್ಣರಾಜಸಾಗರಗಳಿಂದ ಹೆಚ್ಚು ನೀರು ಬಿಟ್ಟಾಗ ಕಾವೇರಿ ದಡದ ದಾಸನಪುರ, ಮುಳ್ಳೂರು, ಹಳೇ ಅಣಗಳ್ಳಿ, ಹಳೇ ಹಂಪಾಪುರ ಮೊದಲಾದ ಗ್ರಾಮಗಳಿಗೆ ನೀರು ನುಗ್ಗಿತು. ಶಿವನಸಮುದ್ರದ ಬಳಿಯ, 19ನೇ ಶತಮಾನದ ವೆಸ್ಲಿ ಸೇತುವೆ 2018ರ ಪ್ರವಾಹದಲ್ಲಿ ಹಾನಿಗೊಂಡಿತು. 2022ರ ಮಳೆಗಾಲದಲ್ಲಿ ಸುವರ್ಣಾವತಿ ತುಂಬಿ ಹರಿದು ಯಳಂದೂರು ತಾಲ್ಲೂಕಿನ ಹಳ್ಳಿಗಳೂ ಗದ್ದೆಗಳೂ ಜಲಾವೃತವಾದವು.

ಇವೆರಡೂ ಬೇರೆ ಬಗೆಯ ಪ್ರವಾಹಗಳು. ಕಾವೇರಿಯದು ಕೊಡಗು, ವಯನಾಡುಗಳ ಮಳೆಯಿಂದ ಬರುವ ನೀರು. ಅದನ್ನು ಕೊಳ್ಳೇಗಾಲದ ನಿವೇಶನಗಳಲ್ಲಿ ತಡೆಯಲಾಗದು, ಹೊಳೆಯ ಪಾತ್ರದಿಂದ ದೂರ ಕಟ್ಟುವುದೊಂದೇ ಮಾರ್ಗ. ಸುವರ್ಣಾವತಿ ಮತ್ತು ಸ್ಥಳೀಯ ಹಳ್ಳಗಳದು ಹತ್ತಿರದ ಬೆಟ್ಟ ಬಯಲುಗಳ ಮಳೆ. ಇಲ್ಲಿ ಕೆರೆಗಳು ಖಾಲಿ ಜಾಗ ಉಳಿಸಿಕೊಂಡಿದ್ದರೆ, ಕಾಲುವೆಗಳು ತೆರೆದಿದ್ದರೆ ಪ್ರವಾಹದ ಏಟು ಕಡಿಮೆಯಾಗುತ್ತದೆ. ನಿವೇಶನ ಮಟ್ಟದ ಕ್ರಮಗಳಿಗೆ ಫಲ ಸಿಗುವುದು ಈ ಎರಡನೆಯ ಬಗೆಯಲ್ಲಿ.

ನಿರ್ವಹಣೆಯ ವಿಧಾನಗಳು

ಯೋಜನೆಯ ಹಂತ: ಮೊದಲ ಕೆಲಸ ಗ್ರಾಮನಕ್ಷೆ ಓದುವುದು. ಕೆರೆ, ಕಟ್ಟೆ, ಹಳ್ಳ, ಕಾಲುವೆ, ಓಣಿಗಳು ಅದರಲ್ಲಿ ಗುರುತಾಗಿರುತ್ತವೆ. ಸರ್ವೆ ನಂಬರಿನೊಳಗೆ ಹಾದುಹೋಗುವ ಹಳ್ಳ, ಕಾಲುವೆಗಳಂಥ ಸಾರ್ವಜನಿಕ ಭಾಗವನ್ನು ಕಂದಾಯ ದಾಖಲೆಗಳು 'ಬಿ ಖರಾಬು' ಎಂದು ತೋರಿಸುತ್ತವೆ. ಅದು ಜಮೀನಿನ ಮಾಲೀಕರ ಸ್ವತ್ತಲ್ಲ. ಲೇಔಟಿನ ರಸ್ತೆಗಳನ್ನು ನೆಲದ ಇಳಿಜಾರಿಗೆ ಹೊಂದುವಂತೆ ಎಳೆದು, ಉದ್ಯಾನಕ್ಕೆ ಬಿಡಬೇಕಾದ ಜಾಗವನ್ನು ಅತಿ ತಗ್ಗಿನಲ್ಲಿ ಇಟ್ಟರೆ ಅದೇ ಜಾಗ ಮಳೆಗಾಲದಲ್ಲಿ ನೀರು ತಡೆಯುವ ಹೊಂಡವಾಗಿ ಕೆಲಸ ಮಾಡುತ್ತದೆ. ಮಾರಲಾಗದ ಮೂಲೆಯನ್ನು ಉದ್ಯಾನಕ್ಕೆ ಬಿಡುವ ಪದ್ಧತಿಯಿಂದ ಈ ಅವಕಾಶ ಕೈತಪ್ಪುತ್ತದೆ.

ಕೆಲಸದ ಹಂತ: ಈ ಸೀಮೆಯಲ್ಲಿ ಮಣ್ಣಿನ ಕೆಲಸಕ್ಕೆ ಜನವರಿಯಿಂದ ಏಪ್ರಿಲ್ ಮಧ್ಯದವರೆಗೆ ಸೂಕ್ತ ಕಾಲ. ಭರಣಿ ಮಳೆಗೆ ಮುಂಚೆ ಬರಿನೆಲಕ್ಕೆ ಹುಲ್ಲು, ಒಣಸೊಪ್ಪು ಅಥವಾ ತೆಂಗಿನನಾರಿನ ಚಾಪೆಯ ಹೊದಿಕೆ ಬೀಳಬೇಕು. ಇಡೀ ಜಮೀನನ್ನು ಒಮ್ಮೆಗೇ ಕೆರೆಯದೆ ಭಾಗ ಭಾಗವಾಗಿ ಕೈಗೆತ್ತಿಕೊಂಡರೆ ಹೂಳು ಕಡಿಮೆಯಾಗುತ್ತದೆ. ಮೇಲ್ಮಣ್ಣನ್ನು ಬೇರೆಯಾಗಿ ರಾಶಿ ಹಾಕಿ, ಕಾಲುವೆಯಿಂದ ದೂರವಿಟ್ಟು, ಕೊನೆಗೆ ಉದ್ಯಾನ, ರಸ್ತೆಬದಿಗಳಿಗೆ ಮರಳಿ ಹರಡಬೇಕು. ತಗ್ಗಿನ ಅಂಚಿನಲ್ಲಿ ಸಮಪಾತಳಿ ಕಂದಕ, ಅದರ ಕೊನೆಗೆ ಹೂಳು ಕೂರುವ ಗುಂಡಿ, ಹೊರಹರಿವಿನ ಬಾಯಲ್ಲಿ ಕಲ್ಲಿನ ತಡೆ ಇರಬೇಕು. ಗುಂಡಿ ಅರ್ಧ ತುಂಬುತ್ತಲೇ ತೆಗೆಯದಿದ್ದರೆ ಅದು ಇದ್ದೂ ಇಲ್ಲದಂತೆ. ಕಾಲುವೆಯ ದಂಡೆಗೆ ಲಾವಂಚದ ಸಾಲು ನೆಟ್ಟರೆ ಆಳಕ್ಕಿಳಿಯುವ ಬೇರು ಮಣ್ಣನ್ನು ಹಿಡಿದು, ಒತ್ತಾದ ಬುಡ ಹೂಳನ್ನು ಸೋಸುತ್ತದೆ. ಕಾಂಕ್ರೀಟು ಕಲಸುವ ಯಂತ್ರ ತೊಳೆದ ನೀರು ಕ್ಷಾರಯುಕ್ತವಾಗಿದ್ದು ಮೀನಿಗೆ ಮಾರಕವಾದ್ದರಿಂದ ಅದಕ್ಕೆ ಪ್ರತ್ಯೇಕ ಗುಂಡಿ ಬೇಕು.

ಬಡಾವಣೆಯ ಹಂತ: ಐದು ಎಕರೆಯ ಲೇಔಟ್ ಒಂದರ ಲೆಕ್ಕ ಹೀಗೆ. 50 ಮಿ.ಮೀ. ಮಳೆಗೆ ಅಲ್ಲಿ ಬೀಳುವ ಒಟ್ಟು ನೀರು ಸುಮಾರು 10 ಲಕ್ಷ ಲೀಟರ್. ಹೊಲವಾಗಿದ್ದಾಗ ಶೇ. 20, ಬಡಾವಣೆಯಾದ ಮೇಲೆ ಸರಾಸರಿ ಶೇ. 60 ಹರಿಯುತ್ತದೆ ಎಂದಾದರೆ ಹೆಚ್ಚುವರಿ ಹರಿವು 4 ಲಕ್ಷ ಲೀಟರ್. ಇದನ್ನು ತಡೆದಿಡಲು 20 ಮೀಟರ್ ಉದ್ದ, 15 ಮೀಟರ್ ಅಗಲ, 1.35 ಮೀಟರ್ ಆಳದ ಹೊಂಡ ಸಾಕು. ಐದು ಎಕರೆಯಲ್ಲಿ ಇದು ಮೂರು ಗುಂಟೆಯಷ್ಟೂ ಆಗದು. ಉದ್ಯಾನಕ್ಕೆ ಬಿಡುವ ಜಾಗದೊಳಗೇ ಹಿಡಿಸುತ್ತದೆ. ಹೊಂಡದಿಂದ ಸಣ್ಣ ಕೊಳವೆಯ ಮೂಲಕ ನೀರನ್ನು ಒಂದೆರಡು ದಿನದಲ್ಲಿ ನಿಧಾನವಾಗಿ ಬಿಟ್ಟರೆ ಕೆಳಗಿನ ಕಾಲುವೆಗೆ ಹಿಂದಿನಷ್ಟೇ ಹರಿವು ಸಿಗುತ್ತದೆ, ಸೊಳ್ಳೆ ಬೆಳೆಯುವಷ್ಟು ಕಾಲ ನೀರು ನಿಲ್ಲುವುದೂ ಇಲ್ಲ.

ಮನೆಯ ಹಂತ: 30×40 ಅಡಿ ಸೈಟಿನ ವಿಸ್ತೀರ್ಣ ಸುಮಾರು 111 ಚದರ ಮೀಟರ್. ಪೂರ್ತಿ ಮುಚ್ಚಿದ ಸೈಟಿನಿಂದ 50 ಮಿ.ಮೀ. ಮಳೆಗೆ 5,500 ಲೀಟರ್ ನೀರು ಬೀದಿಗೆ ಇಳಿಯುತ್ತದೆ. ಒಂದು ಮೀಟರ್ ವ್ಯಾಸದ ಸಿಮೆಂಟು ಬಳೆಗಳನ್ನಿಳಿಸಿ ಮೂರು ಮೀಟರ್ ಆಳದ ಇಂಗುಬಾವಿ ಮಾಡಿದರೆ ಒಮ್ಮೆಗೆ 2,300 ಲೀಟರಿಗೂ ಹೆಚ್ಚು ನೀರು ಹಿಡಿಯುತ್ತದೆ. ಜೊತೆಗೆ 3,000 ಲೀಟರಿನ ಸಂಪು ಇದ್ದರೆ ಇಷ್ಟು ಮಳೆ ಹೆಚ್ಚೂಕಡಿಮೆ ಸೈಟಿನೊಳಗೇ ಉಳಿಯುತ್ತದೆ. ತಾರಸಿಯ ನೀರು ಸೋಸಿ ಬರಬೇಕು. ಬಚ್ಚಲ ನೀರನ್ನು ಇಂಗುಬಾವಿಗೆ ಬಿಡಬಾರದು. ನೀರು ಬೇಗ ಇಂಗದ ಅಂಟುಮಣ್ಣಿನ ಗದ್ದೆಬಯಲಿನಲ್ಲಿ ಇಂಗುಬಾವಿಗಿಂತ ಸಂಪು ಮತ್ತು ತಡೆಹೊಂಡ ಹೆಚ್ಚು ಉಪಯುಕ್ತ.

ಬೆಟ್ಟದ ಮೇಲಿನ ನಿರ್ಮಾಣ: ಲಕ್ಷಾಂತರ ಭಕ್ತರು ಸೇರುವ ಮಲೆ ಮಹದೇಶ್ವರ ಬೆಟ್ಟದಲ್ಲಿ ವಸತಿ, ವಾಹನ ನಿಲ್ದಾಣ, ರಸ್ತೆಗಳ ಅಗತ್ಯ ಬೆಳೆಯುತ್ತಲೇ ಇದೆ. ದೀಪದಗಿರಿ ಒಡ್ಡಿನಲ್ಲಿ ಸ್ಥಾಪಿಸಿದ 108 ಅಡಿ ಎತ್ತರದ ಮಹದೇಶ್ವರರ ಪ್ರತಿಮೆ 2023ರಲ್ಲಿ ಅನಾವರಣಗೊಂಡಿತು. ಕಡಿದಾದ ಇಳಿಜಾರಿನಲ್ಲಿ ಕಟ್ಟುವಾಗ ಸಮತಟ್ಟಿನ ಮೆಟ್ಟಿಲು ಮೆಟ್ಟಿಲಾಗಿ ನೆಲ ಕಡಿದು, ಪ್ರತಿ ಮೆಟ್ಟಿಲಿನ ಹಿಂಬದಿಯಲ್ಲಿ ಚರಂಡಿ ಕೊಟ್ಟು, ತಡೆಗೋಡೆಗಳಲ್ಲಿ ಬಸಿರಂಧ್ರಗಳನ್ನು ಬಿಡುವುದು ಅನಿವಾರ್ಯ. ಅಗೆದ ಮಣ್ಣನ್ನು ಕಣಿವೆಗೆ ಸುರಿದರೆ ಅದು ಕಾಡಿನ ಹಳ್ಳಗಳನ್ನು ಮುಚ್ಚಿ, ಬೇಸಿಗೆಯಲ್ಲಿ ವನ್ಯಜೀವಿಗಳಿಗೆ ಆಸರೆಯಾದ ಮಡುಗಳನ್ನು ತುಂಬಿಬಿಡುತ್ತದೆ.

ಕಾನೂನಿನ ಚೌಕಟ್ಟು

1971ರ ರಾಮ್ಸಾರ್ ಒಪ್ಪಂದದ ವ್ಯಾಖ್ಯೆಯಲ್ಲಿ ಮಾನವನಿರ್ಮಿತ ಕೆರೆಗಳೂ ಜೌಗು ನೆಲೆಗಳೇ. ಭಾರತ 1982ರಲ್ಲಿ ಈ ಒಪ್ಪಂದವನ್ನು ಸೇರಿತು. ಕೇಂದ್ರದ ಜೌಗು ಪ್ರದೇಶ (ಸಂರಕ್ಷಣೆ ಮತ್ತು ನಿರ್ವಹಣೆ) ನಿಯಮಗಳು, 2017 ಮಾತ್ರ ನದೀಪಾತ್ರ, ಭತ್ತದ ಗದ್ದೆ ಹಾಗೂ ಕುಡಿಯುವ ನೀರು ಅಥವಾ ನೀರಾವರಿಗೆಂದೇ ನಿರ್ಮಿಸಿದ ಜಲಕಾಯಗಳನ್ನು ಹೊರಗಿಟ್ಟಿವೆ. ಈ ನಿಯಮಗಳಡಿ ಬರುವ ಜೌಗಿನ ಸುತ್ತ, ಕಳೆದ ಹತ್ತು ವರ್ಷಗಳ ಸರಾಸರಿ ಪ್ರವಾಹಮಟ್ಟದಿಂದ 50 ಮೀಟರ್ ಒಳಗೆ ಶಾಶ್ವತ ಕಟ್ಟಡ ನಿಷಿದ್ಧ. ಈ ಮೂರು ತಾಲ್ಲೂಕುಗಳ ಕೆರೆಗಳಲ್ಲಿ ಬಹುಪಾಲು ನೀರಾವರಿಗಾಗಿ ಕಟ್ಟಿದವಾದ್ದರಿಂದ ಈ ರಕ್ಷಣೆ ಅವಕ್ಕೆ ನೇರವಾಗಿ ಸಿಗುವುದಿಲ್ಲ. ನಮ್ಮ ಬಯಲುಸೀಮೆಯ ಜೌಗು ಎಂದರೆ ಕೆರೆಯೇ ಆಗಿರುವಾಗ ಇದು ಗಂಭೀರ ಕೊರತೆ.

ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬುವುದು ರಾಜ್ಯದ ಕಾನೂನು. 2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮದ ವ್ಯಾಖ್ಯೆ ವಿಶಾಲವಾದುದು. ನೀರಿರಲಿ ಇಲ್ಲದಿರಲಿ, ಕಂದಾಯ ದಾಖಲೆಯಲ್ಲಿ ಸರ್ಕಾರಿ ಕೆರೆ, ಖರಾಬು ಕೆರೆ, ಕುಂಟೆ, ಕಟ್ಟೆ ಎಂದು ನಮೂದಾದದ್ದೆಲ್ಲ ಅದರೊಳಗೆ ಬರುತ್ತದೆ. ರಾಜಕಾಲುವೆ, ಒಳಹರಿವು, ಏರಿ, ಕೋಡಿ, ತೂಬುಗಳೂ ಸೇರುತ್ತವೆ. ಕಾಲುವೆಯೂ ಕೆರೆಯ ಅಂಗ ಎಂದು ಕಾನೂನೇ ಒಪ್ಪಿರುವುದು ಇದರ ಹಿರಿಮೆ. ಕೃಷಿಭೂಮಿಯ ಪರಿವರ್ತನೆ 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೇ ಪ್ರಕರಣದಡಿ, ಬಡಾವಣೆ ನಕ್ಷೆಯ ಅನುಮೋದನೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಡಿ ನಡೆಯುತ್ತದೆ.

ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಜನವರಿ 28ರಂದು ನೀಡಿದ ತೀರ್ಪು ಹಳ್ಳಿಯ ಕೊಳ ತುಂಬಿ ಮನೆ ಕಟ್ಟಿದ್ದನ್ನು ಅಕ್ರಮವೆಂದು ಸಾರಿ, ಗ್ರಾಮದ ಸಾಮೂಹಿಕ ಭೂಮಿಯ ಒತ್ತುವರಿ ತೆರವಿಗೆ ಎಲ್ಲ ರಾಜ್ಯಗಳಿಗೂ ಸೂಚಿಸಿತು. ಪಂಜಾಬಿನ ಹಳ್ಳಿಯೊಂದರಿಂದ ಹುಟ್ಟಿದ ಈ ತೀರ್ಪು ಯಳಂದೂರಿನ ಕಟ್ಟೆಗೂ ಅನ್ವಯವಾಗುತ್ತದೆ. 2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯಂತೆ 20,000 ಚದರ ಮೀಟರ್ ಮತ್ತು ಹೆಚ್ಚಿನ ನಿರ್ಮಿತ ವಿಸ್ತೀರ್ಣದ ಕಟ್ಟಡಗಳಿಗೆ ಅಥವಾ 50 ಹೆಕ್ಟೇರ್ ಮತ್ತು ಹೆಚ್ಚಿನ ಬಡಾವಣೆಗಳಿಗೆ ಮಾತ್ರ ಪೂರ್ವಾನುಮತಿ ಬೇಕು. ಐದು, ಹತ್ತು ಎಕರೆಯ ಲೇಔಟುಗಳು ಈ ಮಿತಿಯ ಕೆಳಗೇ ಉಳಿಯುತ್ತವೆ. ಅಮೆರಿಕದಲ್ಲಿ ಒಂದು ಎಕರೆ ನೆಲ ಕದಲಿಸುವ ಕಟ್ಟಡ ಕೆಲಸಕ್ಕೂ ಮಳೆನೀರಿನ ಮಾಲಿನ್ಯ ತಡೆ ಯೋಜನೆ ಕಡ್ಡಾಯವೆಂಬುದನ್ನು ಇದರೊಂದಿಗೆ ಹೋಲಿಸಿದರೆ ಸಣ್ಣ ಬಡಾವಣೆಗಳ ಮಟ್ಟದಲ್ಲಿ ನಮ್ಮ ಕಾನೂನು ಎಷ್ಟು ತೆರವು ಬಿಟ್ಟಿದೆ ಎಂಬುದು ತಿಳಿಯುತ್ತದೆ. ತಾಂತ್ರಿಕ ಮಾರ್ಗದರ್ಶನಕ್ಕಂತೂ ಕೊರತೆಯಿಲ್ಲ: ಕೇಂದ್ರ ನಗರ ವ್ಯವಹಾರಗಳ ಸಚಿವಾಲಯದ ಮಳೆನೀರು ಚರಂಡಿ ಕೈಪಿಡಿ 2019ರಲ್ಲೇ ಪ್ರಕಟವಾಗಿದೆ.

ಆಡಳಿತ ಮತ್ತು ಸವಾಲುಗಳು

ಒಂದು ಕೆರೆಯ ಹೊಣೆ ಹಲವು ಕೈಗಳಲ್ಲಿ ಹಂಚಿಹೋಗಿದೆ. ರಾಜ್ಯದಲ್ಲಿ 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕವು ಪಂಚಾಯತ್ ರಾಜ್ ಸಂಸ್ಥೆಗಳಿಗೆ ಸೇರುತ್ತವೆ. ಭೂಮಿಯ ದಾಖಲೆ ಕಂದಾಯ ಇಲಾಖೆಯಲ್ಲಿ, ಚರಂಡಿ ನಗರಸಭೆಯಲ್ಲಿ, ಮೋರಿ ರಸ್ತೆ ಇಲಾಖೆಯಲ್ಲಿ, ಬೆಟ್ಟದ ಹಳ್ಳ ಅರಣ್ಯ ಇಲಾಖೆಯಲ್ಲಿ. ಹಿಂದೆ ನೀರಗಂಟಿ ಕಾಲುವೆಯನ್ನು ಕಾಲ್ನಡಿಗೆಯಲ್ಲಿ ಸುತ್ತಿ ತೂಬು, ಕೋಡಿಗಳನ್ನು ಒಂದೇ ವ್ಯವಸ್ಥೆಯಾಗಿ ನೋಡಿಕೊಳ್ಳುತ್ತಿದ್ದ. ನಾಲೆ, ಕೊಳವೆಬಾವಿಗಳು ಬಂದು ಆ ವೃತ್ತಿ ಮಸುಕಾದ ಮೇಲೆ ಕಾಲುವೆಯ ಉದ್ದಕ್ಕೂ ನಡೆದು ನೋಡುವ ಹೊಣೆ ಯಾರ ಪಾಲಿಗೂ ಉಳಿದಿಲ್ಲ.

ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ನಡೆಯುವ ಕಾಮಗಾರಿಗಳೂ ಕೆಲವೊಮ್ಮೆ ಜೌಗಿಗೆ ತೊಡಕಾಗುತ್ತವೆ. ಸುತ್ತಲೂ ಏರಿ ಎತ್ತರಿಸಿ ನಡಿಗೆಪಥ ಮಾಡಿದರೆ ಹಿನ್ನೀರಿನ ಆಳವಿಲ್ಲದ ಅಂಚು ಮಾಯವಾಗಿ ಹಕ್ಕಿಗಳಿಗೆ ಮೇಯುವ ನೆಲೆ ತಪ್ಪುತ್ತದೆ, ಬದಿಯಿಂದ ಬರುವ ಸಣ್ಣ ಹರಿವುಗಳೂ ಹೊರಗೇ ನಿಲ್ಲುತ್ತವೆ. ಹೂಳೆತ್ತುವಾಗ ಜೊಂಡಿನ ಅಂಚನ್ನು ಉಳಿಸಿ, ಏರಿಯ ಕಡೆಯ ಆಳದ ಭಾಗಕ್ಕೆ ಕೆಲಸವನ್ನು ಸೀಮಿತಗೊಳಿಸುವುದು ಉತ್ತಮ.

ಬೆಂಗಳೂರಿನಲ್ಲಿ ಮುಚ್ಚಿಹೋದ ರಾಜಕಾಲುವೆಗಳನ್ನು ಬಿಡಿಸಿಕೊಳ್ಳಲು ಮನೆ ಕೆಡವಬೇಕಾಗಿ ಬಂದು ದಾವೆಗಳು ವರ್ಷಗಟ್ಟಲೆ ನಡೆದಿವೆ. ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ಹೆಚ್ಚಿನ ಕಾಲುವೆಗಳ ಮೇಲೆ ಇನ್ನೂ ಮನೆಗಳಿಲ್ಲ. ಆದ್ದರಿಂದ ಇಲ್ಲಿ ಮೊದಲಾಗಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಪ್ರತಿ ಕೆರೆಗೂ ಅದರ ಪೋಷಕ ಕಾಲುವೆಗಳಿಗೂ ಸರ್ವೆ ಮಾಡಿಸಿ ಗಡಿಕಲ್ಲು ನೆಡಬೇಕು. ಭೂಪರಿವರ್ತನೆಗೆ ಮುಂಚೆ ಜಾಗದ ಮೇಲಿನ ಮತ್ತು ಕೆಳಗಿನ ಕಾಲುವೆಗಳ ಸ್ಥಿತಿಯನ್ನು ಮಳೆಗಾಲದಲ್ಲೇ ಹೋಗಿ ನೋಡಬೇಕು. ಬಡಾವಣೆಯಿಂದ ಹೊರಬೀಳುವ ನೀರು ಹೊಲವಾಗಿದ್ದಾಗಿನ ಹರಿವನ್ನು ಮೀರಬಾರದೆಂಬ ಷರತ್ತನ್ನು ಅನುಮೋದನೆಯಲ್ಲೇ ಬರೆದು, ತಡೆಹೊಂಡ ಮತ್ತು ಹೂಳುಗುಂಡಿ ಸಿದ್ಧವಾದ ಮೇಲಷ್ಟೇ ಸೈಟುಗಳ ಮಾರಾಟಕ್ಕೆ ಬಿಡುಗಡೆ ಪತ್ರ ಕೊಡಬೇಕು. ಇವು ಯಾವುವೂ ದೊಡ್ಡ ಯೋಜನೆಗಳಲ್ಲ. ತಾಲ್ಲೂಕು ಕಚೇರಿ, ನಗರಸಭೆ, ಪಂಚಾಯಿತಿಗಳು ಇಂದಿನ ಅಧಿಕಾರದಲ್ಲೇ ಮಾಡಬಹುದಾದವು. ಕಾಲುವೆಯ ಮೇಲೆ ಮೊದಲ ಮನೆ ಏಳುವ ಮುಂಚೆ ಮಾಡಿದರೆ ಖರ್ಚು ಗಡಿಕಲ್ಲಿನಷ್ಟೇ, ಆಮೇಲೆ ಮಾಡಿದರೆ ಒಂದು ಸಂಸಾರದ ಜೀವಮಾನದ ಗಳಿಕೆಯಷ್ಟು.